ಇಂಜಿನಿಯರ್ ನಂಜುಂಡಪ್ಪನ ನಾಲ್ಕು ಬಾಗಿಲು

ಬಿಳಿಗೆರೆಯ ನಂಜುಂಡಪ್ಪ ಇಂಜಿನಿಯರಿಂಗ್ ಓದಿದವನಲ್ಲ. ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು, ಎರಡು ಸಲವೂ ಗಣಿತದ ಪತ್ರಿಕೆಯ ಮೇಲೆ ತಪ್ಪು ಹೊರಿಸಿ, ತೆಂಗಿನ ತೋಟಕ್ಕೆ ಇಳಿದವನು. ಆದರೂ ಊರಿನಲ್ಲಿ ಅವನಿಗೆ ಇಂಜಿನಿಯರ್ ಎಂದೇ ಹೆಸರು. ಹದಿನಾಲ್ಕು ವರ್ಷದ ಹಿಂದೆ ಪಕ್ಕದ ತೋಟದ ಹುಚ್ಚರಂಗಯ್ಯನ ಪಂಪ್‌ಸೆಟ್ ಸ್ಟಾರ್ಟರು ಹಿಡಿಯದೆ ಹಟ ಮಾಡಿದಾಗ ಇವನು ಅದರ ಮುಚ್ಚಳ ತೆಗೆದು, ಒಳಗೆ ಸತ್ತು ಬಿದ್ದಿದ್ದ ಹಲ್ಲಿಯನ್ನು ಕಡ್ಡಿಯಲ್ಲಿ ಈಚೆಗೆ ಹಾಕಿದ್ದ. ಮೋಟಾರು ಓಡಿತು. ಹಲ್ಲಿ ತೆಗೆದವನು ಎಂದು ಕರೆದರೆ ಗೌರವ ಉಳಿಯುವುದಿಲ್ಲವಲ್ಲ, ಅದಕ್ಕೆ ಇಂಜಿನಿಯರ್ ಎಂದರು.

ಅವತ್ತಿನಿಂದ ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರು ಬಂದು ಕೂತಿತು. ನಡುವಿನಲ್ಲಿ ಇದ್ದದ್ದು ಎಲೆಅಡಿಕೆ ಸಂಚಿ. ಅದು ಅವನ ತಾಯಿ ಕೊಲ್ಲಾಪುರಮ್ಮನದು. ಐದು ಗೂಡಿನ ಕೆಂಪು ಬಟ್ಟೆಯ ಸಂಚಿ, ಒಳಗೊಂದು ಹಿತ್ತಾಳೆಯ ಸುಣ್ಣದ ಡಬ್ಬಿ, ಒಂದು ಅಡಕತ್ತರಿ. ತಾಯಿಯ ತಿಥಿಯ ದಿನ ಗಲಾಟೆಯಲ್ಲಿ ಕಳೆದುಹೋದೀತೆಂದು ನಡುವಿಗೆ ಸಿಕ್ಕಿಸಿಕೊಂಡವನು ಏಳು ವರ್ಷವಾದರೂ ಅಲ್ಲಿಂದ ತೆಗೆದಿರಲಿಲ್ಲ. ಎಲೆಅಡಿಕೆ ಹಾಕದೆ ಅವನಿಗೆ ಯೋಚನೆ ಹರಿಯುತ್ತಿರಲಿಲ್ಲ, ಇಂಜಿನಿಯರಾದ ಮೇಲೆ ಯೋಚನೆ ಮಾಡಬೇಕಾದದ್ದು ದಿನೇ ದಿನೇ ಜಾಸ್ತಿಯಾಗಿತ್ತು.

ಇಂಥವನು ಕಾರು ಕೊಂಡ. ಶೋಕಿಗಲ್ಲ, ಅಕ್ಕನಿಗಾಗಿ.

ಮಗಳು ಗಾನವಿಯ ಮದುವೆ ತುರುವೇಕೆರೆಯ ಹುಡುಗನ ಜೊತೆ ಗೊತ್ತಾಗಿತ್ತು. ಛತ್ರ, ಅಡುಗೆಯವರು, ಓಲಗ ಎಲ್ಲ ಆಗಿತ್ತು. ಆಗದೆ ಉಳಿದದ್ದು ಒಂದೇ. ಹುಳಿಯಾರಿಗೆ ಕೊಟ್ಟ ಅಕ್ಕ ಲಕ್ಷ್ಮಿದೇವಮ್ಮ ತಾಯಿಯ ತಿಥಿ ಮುಗಿಸಿ ಹೋದವಳು ಏಳು ವರ್ಷದಿಂದ ತಮ್ಮನ ಹೊಸ್ತಿಲು ತುಳಿದಿರಲಿಲ್ಲ. ಆಮೇಲಿನ ಗೃಹಪ್ರವೇಶಕ್ಕೆ ತಾನು ಹೋಗಿ ಕರೆಯದೆ ಮೊಬೈಲಿನಲ್ಲಿ ಕಾರ್ಡಿನ ಫೋಟೋ ಕಳಿಸಿದ್ದೇ ಸಿಟ್ಟಿಗೆ ಕಾರಣವೆಂದು ನಂಜುಂಡಪ್ಪ ತೀರ್ಮಾನಿಸಿದ್ದ. ಈಗ ಹುಡುಗಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಗಾನವಿ ಖಂಡಿತವಾಗಿ ಹೇಳಿಬಿಟ್ಟಿದ್ದಳು.

"ಅತ್ತೆ ಬರ್ದೆ ನಾನು ಹಸೆ ಮೇಲೆ ಕೂರಲ್ಲ ಕಣಪ್ಪ. ನೀನು ಏನ್ ಮಾಡ್ತೀಯೋ ಮಾಡು."

ನಂಜುಂಡಪ್ಪ ಧೈರ್ಯ ಮಾಡಿ ಅಕ್ಕನಿಗೆ ಫೋನು ಮಾಡಿದ. ಆ ಕಡೆಯಿಂದ ಅಕ್ಕ ಷರತ್ತು ಹಾಕಿದಳು.

"ಬತ್ತೀನಿ. ನೀನೇ ಬಂದು ಕರ್ಕೊಂಡ್ ಹೋಗ್ಬೇಕು, ನಿನ್ನ ಸ್ವಂತ ಗಾಡೀಲಿ. ಬಾಡಿಗೆ ಆಟೋ ಕಳ್ಸಿದ್ರೆ ಅದ್ರ ತುಂಬ ಕಲ್ಲು ಹೇರಿ ವಾಪಸ್ ಕಳಿಸ್ತೀನಿ ಕಣ್ಲಾ."

ಹೀಗೆ ತಿಪಟೂರಿನ ಮೇಷ್ಟ್ರೊಬ್ಬರ ಬಿಳಿ ಕಾರು ಬಿಳಿಗೆರೆಗೆ ಬಂತು. ಸೆಂಟ್ರಲ್ ಲಾಕಿನ ಗಾಡಿ. ಕೀಲಿಯ ತಲೆಯಲ್ಲೇ ಗುಂಡಿ, ಒಮ್ಮೆ ಒತ್ತಿದರೆ ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎಂದು ಬೀಗ ಬೀಳುತ್ತವೆ, ಇನ್ನೊಮ್ಮೆ ಒತ್ತಿದರೆ ತೆರೆಯುತ್ತವೆ. ಮೇಷ್ಟ್ರ ಮನೆಯಲ್ಲಿ ತುಂಟ ಮಕ್ಕಳಿದ್ದುದರಿಂದ ಹಿಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆಯಲು ಬಾರದಂತೆ ಮಾಡಿಟ್ಟಿದ್ದರು. ಅದನ್ನು ಬಿಡಿಸುವುದು ಹೇಗೆಂದು ನಂಜುಂಡಪ್ಪ ಕೇಳಲಿಲ್ಲ. ಇಂಜಿನಿಯರಾದವನು ಕೇಳುತ್ತಾನೆಯೇ?

ಇನ್ನು ಕೀಲಿ ಇಡುವ ಜಾಗ. ಅಂಗಿಯ ಜೇಬಿನಲ್ಲಿ ಟೆಸ್ಟರು ಇದ್ದದ್ದರಿಂದ ಕೀಲಿ ಸಂಚಿಯ ಮೂರನೇ ಗೂಡು ಸೇರಿತು, ಒಂದು ಕಡೆ ಸುಣ್ಣದ ಡಬ್ಬಿ, ಇನ್ನೊಂದು ಕಡೆ ಅಡಕತ್ತರಿ. ಓದುಗರು ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಂಜುಂಡಪ್ಪ ಇಟ್ಟುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ತಿಂಡಿ ಮುಗಿಸಿ ಜಗಲಿಯ ಮೇಲೆ ಕೂತು, ಸಂಚಿ ಬಿಚ್ಚಿ ಎರಡು ಎಲೆ ತೆಗೆದ. ಅಂಗಳದಲ್ಲಿ ಕಾರು ಟಕ್ ಎಂದಿತು. ಸುಣ್ಣ ಸವರಿ ಸಂಚಿ ಮಡಚಿ ದಾರ ಬಿಗಿದ. ಕಾರು ಇನ್ನೊಮ್ಮೆ ಟಕ್ ಎಂದಿತು. ಕಾರು ನೋಡಲೆಂದೇ ಬಂದು ಅದರ ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದ ಹುಚ್ಚರಂಗಯ್ಯ ಕೈ ಹಿಂದಕ್ಕೆ ತೆಗೆದ.

"ಯಾರ್ಲಾ ಒಳಗವ್ರೆ?"

"ಯಾರೂ ಇಲ್ಲ ಕಣ್ಲಾ."

"ಮತ್ತೆ ಬಾಗ್ಲು ಯಾರು ಹಾಕಿದ್ದು?"

ಈ ಪ್ರಶ್ನೆಗೆ ಉತ್ತರ ಯೋಚಿಸಲು ನಂಜುಂಡಪ್ಪ ಮತ್ತೆ ಸಂಚಿ ಬಿಚ್ಚಿದ. ಕಾರು ಟಕ್ ಎಂದಿತು. ಹುಚ್ಚರಂಗಯ್ಯ ಕಾಫಿಗೂ ನಿಲ್ಲದೆ ಮನೆಗೆ ಹೋದ.

ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಮೆಕ್ಯಾನಿಕ್ಕಿನ ಹತ್ತಿರ ಹೋಗುತ್ತಿದ್ದರು. ನಂಜುಂಡಪ್ಪ ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ಇಳಿದ. ಟೆಸ್ಟರನ್ನು ಬಾಗಿಲಿನ ಹಿಡಿಗೆ ಇಟ್ಟು ನೋಡಿದ, ಚಕ್ರಕ್ಕೆ ಇಟ್ಟು ನೋಡಿದ, ವೈಪರಿಗೆ ಇಟ್ಟು ನೋಡಿದ. ಬೆಳಕು ಬರಲಿಲ್ಲ. ಮನೆಯ ಕರೆಂಟಿನ ಟೆಸ್ಟರು ಕಾರಿನ ಬ್ಯಾಟರಿಗೆ ಯಾವತ್ತೂ ಬೆಳಗುವುದಿಲ್ಲ ಎಂದು ಹೇಳಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಟಕ್ ಎಂದ ಹೊತ್ತನ್ನೆಲ್ಲ ಬರೆಯತೊಡಗಿದ. ನಾಲ್ಕು ದಿನದಲ್ಲಿ ಲೆಕ್ಕ ಸ್ಪಷ್ಟವಾಯಿತು. ಬೆಳಿಗ್ಗೆ ತಿಂಡಿಯ ನಂತರ, ಮಧ್ಯಾಹ್ನ ಊಟದ ನಂತರ, ಸಂಜೆ ಕಾಫಿಯ ನಂತರ. ಗಾಡಿ ಓಡುವಾಗ ಒಮ್ಮೆಯೂ ಇಲ್ಲ, ನಿಂತಾಗ ಮಾತ್ರ.

"ರೀ, ನೀವು ಎಲೆಅಡಿಕೆ ಹಾಕ್ಕೊಳ್ಳೋ ಹೊತ್ತೇ ಅಲ್ವೇನ್ರೀ ಇದು?" ಎಂದು ಹೆಂಡತಿ ರಾಮಲಕ್ಷ್ಮಮ್ಮ ಒಗ್ಗರಣೆ ಹಾಕುತ್ತಲೇ ಕೇಳಿದಳು.

"ತ್ರೀ ಫೇಸ್ ಬರೋ ಹೊತ್ತು ಕಣೇ," ಎಂದ ನಂಜುಂಡಪ್ಪ ಗಂಭೀರವಾಗಿ. "ಅಂಗಳದ ಮೇಲೆ ಲೈನ್ ಹೋಗೈತೆ. ಮೇಲಿನ ಕರೆಂಟು ಗಾಳೀಲಿ ಇಳಿದು ಬಾಗ್ಲಿಗೆ ಹೊಡೀತಾ ಐತೆ. ನಿಂಗೆ ಇದೆಲ್ಲ ಗೊತ್ತಾಗಲ್ಲ ಬುಡು."

ಕರೆಂಟ್ ಆಫೀಸಿಗೆ ಅರ್ಜಿ ಹೋಯಿತು. 'ತಮ್ಮ ಲೈನು ನನ್ನ ವಾಹನದ ಬಾಗಿಲುಗಳನ್ನು ನನ್ನ ಅನುಮತಿ ಇಲ್ಲದೆ ಹಾಕಿ ತೆಗೆಯುತ್ತಿರುವುದರಿಂದ' ಎಂದು ಶುರುವಾಗುವ ಆ ಅರ್ಜಿಯನ್ನು ಆಫೀಸಿನಲ್ಲಿ ಎಲ್ಲರೂ ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಓದಿದರಂತೆ. ಕೊನೆಗೆ ಲೈನ್‌ಮನ್ ಕಲ್ಲೇಶ್ ಸ್ಥಳ ಪರಿಶೀಲನೆಗೆ ಬಂದ. ತಂತಿ ನೋಡಿದ, ಕಾರು ನೋಡಿದ, ನಂಜುಂಡಪ್ಪನ ಮುಖ ನೋಡಿದ.

"ಅಣ್ಣಾ, ಬೆಳಿಗ್ಗೆಯಿಂದ ಫೀಡರ್ ಬಂದ್ ಆಗೈತೆ. ಈಗ ಇಡೀ ಊರಲ್ಲಿ ಕರೆಂಟ್ ಇಲ್ಲ."

"ಹೌದಾ?" ಎಂದು ನಂಜುಂಡಪ್ಪ ಯೋಚನೆಗೆ ಬಿದ್ದು ನಡುವಿಗೆ ಕೈ ಹಾಕಿದ. ಕಾರು ಟಕ್ ಎಂದಿತು.

ಕಲ್ಲೇಶ್ ವರದಿಯಲ್ಲಿ ಏನು ಬರೆದನೋ ತಿಳಿಯದು. ಹೋಗುವಾಗ ಮಾತ್ರ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಕಾರಿನ ಕಡೆಗೆ ಒಮ್ಮೆ ಕೈ ಮುಗಿದು, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದ.

ನಂಜುಂಡಪ್ಪ ಸೋಲಲಿಲ್ಲ. ಲೈನಿನಿಂದ ದೂರವಿರಲೆಂದು ಕಾರನ್ನು ತೋಟದೊಳಗೆ ತೆಂಗಿನ ಮರದ ಕೆಳಗೆ ನಿಲ್ಲಿಸಿದ. ಹುಟ್ಟಿದಾಗಿನಿಂದ ತೆಂಗಿನ ತೋಟದಲ್ಲೇ ಬೆಳೆದವನು ಇಂಥ ಕೆಲಸ ಮಾಡಬಾರದಿತ್ತು. ಸಂಜೆಯೊಳಗೆ ಒಂದು ಒಣಗರಿ ಅದರ ನೆತ್ತಿಯ ಮೇಲೆ ಬಿದ್ದು ತಗ್ಗು ಮಾಡಿತು. ಊಟದ ನಂತರದ ಟಕ್ ಮಾತ್ರ ಒಂದು ನಿಮಿಷವೂ ಹಿಂದೆ ಮುಂದೆ ಆಗಲಿಲ್ಲ.

ಮದುವೆಗೆ ಹತ್ತು ದಿನ ಇರುವಾಗ ಗಂಡಹೆಂಡತಿ ಸೀರೆ ತರಲು ತಿಪಟೂರಿಗೆ ಹೋದರು. ಬಟ್ಟೆ ಅಂಗಡಿಯ ಮುಂದೆ ರಾಮಲಕ್ಷ್ಮಮ್ಮ ಸೀರೆಯ ಗಂಟಿನ ಸಮೇತ ಹಿಂದಿನ ಸೀಟಿನಲ್ಲಿ ಕೂತಳು. ನಂಜುಂಡಪ್ಪ ಹೊರಗೆ ನಿಂತು ಒಂದು ಎಲೆ ಹಾಕಿಕೊಂಡು ಹೊರಡೋಣವೆಂದುಕೊಂಡ. ಮುಂದಿನ ಇಪ್ಪತ್ತು ನಿಮಿಷ ಅಂಗಡಿಯಲ್ಲಿ ವ್ಯಾಪಾರ ನಿಂತುಹೋಯಿತು. ಇದ್ದವರೆಲ್ಲ ಬೀದಿಗೆ ಬಂದು ಗಾಜಿನಾಚೆ ಬೈಯುತ್ತಿದ್ದ ರಾಮಲಕ್ಷ್ಮಮ್ಮನನ್ನು ನೋಡಿದರು. ಎರಡು ಟಕ್‌ಗಳ ನಡುವೆ ಅಂಗಡಿಯ ಕಾವಲುಗಾರ ಸರಿಯಾದ ಗಳಿಗೆಯಲ್ಲಿ ಹಿಡಿ ಎಳೆದದ್ದರಿಂದ ಆಕೆ ಈಚೆಗೆ ಬಂದಳು. ಬಂದವಳು ಗಂಡನ ಮುಖವನ್ನೂ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

"ನಿಮ್ಮಕ್ಕನ್ನ ಇದ್ರಲ್ಲಿ ಕೂರ್ಸಿ ನೋಡಿ," ಎಂದಳು ತಿರುಗದೆಯೇ. "ಇನ್ನೇಳು ವರ್ಷ ಅಲ್ಲ, ಏಳು ಜನ್ಮ ನಿಮ್ಮ ಮುಖ ನೋಡಲ್ಲ."

ನಂಜುಂಡಪ್ಪ ನೇರವಾಗಿ ಹಾಸನ ರಸ್ತೆಯ ನವಾಜನ ಶೆಡ್ಡಿಗೆ ಹೋದ.

ನವಾಜ್ ಕಾರುಗಳ ವೈರಿಂಗಿನಲ್ಲಿ ಕೈ ಪಳಗಿದವನು, ಮಾತು ಕಮ್ಮಿ, ಶುಚಿ ಜಾಸ್ತಿ. ಎಲೆಅಡಿಕೆ ಹಾಕಿಕೊಂಡು ಒಳಗೆ ಬರಬಾರದು ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದ. ನಂಜುಂಡಪ್ಪ ಬಾಯಿ ಮುಕ್ಕಳಿಸಿ, ಸಂಚಿಯಿಂದ ಕೀಲಿ ತೆಗೆದು ಅವನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತು ಉಪನ್ಯಾಸ ಶುರು ಮಾಡಿದ. ನವಾಜ್ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಕೆಲಸಕ್ಕೆ ಕೂತ. ಮೊದಲು ಫ್ಯೂಸು ತೆಗೆದು ನೋಡಿದ, ಆಮೇಲೆ ರಿಲೇ. ಬಾಗಿಲಿನ ಸಂದಿಯ ರಬ್ಬರು ಕೊಳವೆ ಸರಿಸಿ ಒಳಗಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ.

"ಬಾಗ್ಲು ತೆಗ್ದು ಹಾಕಿ, ತೆಗ್ದು ಹಾಕಿ, ಸಾಮಾನ್ಯ ಇಲ್ಲೇ ವೈರು ತುಂಡಾಗೋದು ಯಜಮಾನ್ರೇ. ನಿಮ್ದು ಗಟ್ಟಿಗೈತೆ."

ಬಾಗಿಲಿನ ಒಳಹಲಗೆ ಬಿಚ್ಚಿ ಬೀಗದ ಪುಟ್ಟ ಮೋಟಾರಿಗೆ ಬಲ್ಬು ಹಚ್ಚಿ ನೋಡಿದ. ನಾಲ್ಕೂ ಬಾಗಿಲು ಪರೀಕ್ಷೆಯಾಗುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ಅಷ್ಟು ಹೊತ್ತೂ ಕಾರು ಒಮ್ಮೆಯೂ ಟಕ್ ಎನ್ನಲಿಲ್ಲ. ಡಾಕ್ಟರ ಮುಂದೆ ಕೆಮ್ಮು ಬಾರದ ರೋಗಿಯ ಹಾಗೆ ಸುಮ್ಮನೆ ನಿಂತಿತ್ತು.

"ಗಾಡೀಲಿ ಏನೂ ಇಲ್ಲ. ತಗೊಂಡ್ ಹೋಗಿ," ಎಂದು ನವಾಜ್ ಕೀಲಿ ಕೊಟ್ಟ.

ನಂಜುಂಡಪ್ಪ ಅದನ್ನು ಸಂಚಿಗೆ ಹಾಕಿ ದಾರ ಬಿಗಿದ. ಟಕ್. ನವಾಜ್ ತಿರುಗಿ ಬಂದ, ಕೀಲಿ ಇಸಿದುಕೊಂಡು ಮೊಳೆಗೆ ಹಾಕಿದ, ಕಾಲು ಗಂಟೆ ಕಾದ. ಸದ್ದಿಲ್ಲ. ಅವನ ಹುಬ್ಬು ನಿಧಾನವಾಗಿ ಮೇಲಕ್ಕೆ ಹೋಯಿತು.

"ಯಜಮಾನ್ರೇ, ತಪ್ಪು ತಿಳೀಬೇಡಿ, ಒಂದ್ ಮಾತು. ಈ ಕೀ ಎಲ್ಲಿ ಇಟ್ಕೋತೀರ ನೀವು?"

ಇಲ್ಲಿಗೆ ಈ ಕಥೆ ಮುಗಿಯಬಹುದಿತ್ತು. ಆದರೆ ಪರೀಕ್ಷೆ ಮಾಡಬೇಕಾದದ್ದು ಗಾಡಿಯನ್ನು, ತನ್ನನ್ನಲ್ಲ ಎಂಬುದು ನಂಜುಂಡಪ್ಪನ ನಿಲುವು.

"ನೋಡಪ್ಪ, ಹದ್ನಾಲ್ಕು ವರ್ಷದಿಂದ ನಾನು ಕರೆಂಟಿನ ಜೊತೆ ಬಾಳ್ವೆ ಮಾಡ್ತಾ ಇವ್ನಿ. ಕೀಲಿ ಇಟ್ಕೊಳ್ಳೋದು ನಂಗೆ ಹೇಳ್ಕೊಡ್ಬೇಡ. ನೀನು ವೈರು ನೋಡು."

"ವೈರು ನೋಡಾಯ್ತು."

"ಹಂಗಾದ್ರೆ ನಿನ್ ಕೈಲಿ ಆಗಲ್ಲ ಅನ್ನು," ಎಂದು ನಂಜುಂಡಪ್ಪ ಎದ್ದ. ಆದರೂ ಒಳ್ಳೆಯ ಮನುಷ್ಯ, ಹೊರಡುವಾಗ ಮದುವೆ ಕಾರ್ಡು ಕೊಟ್ಟು, ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕೆಂದು ಕೈ ಮುಗಿದು ಹೇಳಿ ಬಂದ.

ಅರಿಶಿನದ ದಿನ ಬೆಳಿಗ್ಗೆ ಅವನು ಒಬ್ಬನೇ ಹುಳಿಯಾರಿಗೆ ಹೊರಟ. ನಾಲ್ಕು ಗಂಟೆಗೆ ಶಾಸ್ತ್ರ. ಗಾನವಿ ಬಾಗಿಲಲ್ಲಿ ನಿಂತು, "ಅತ್ತೆ ಇಲ್ದೆ ನೀನೂ ಬರ್ಬೇಡ," ಎಂದು ಬೀಳ್ಕೊಟ್ಟಿದ್ದಳು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ಅವನು ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದ. ಅಲ್ಲಿ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಅವನು ಎಣಿಸಿರಲಿಲ್ಲ.

"ಅಕ್ಕಯ್ಯ, ಬಂದಿವ್ನಿ," ಎಂದ ಅಷ್ಟೇ.

"ಕಾಣ್ತೈತೆ," ಎಂದಳು ಲಕ್ಷ್ಮಿದೇವಮ್ಮ. ಆದರೆ ಬುಟ್ಟಿ ರೆಡಿಯಾಗಿತ್ತು, ಹೊಸ ಸೀರೆ ಉಟ್ಟಿದ್ದಳು.

ಹೊಂಗೆಮರದ ನೆರಳಿನಲ್ಲಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಆಕೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಜು ನಾಲ್ಕು ಬೆರಳಿನಷ್ಟು ಇಳಿದಿತ್ತು. ನಂಜುಂಡಪ್ಪ ಎರಡೂ ಕೈಯಿಂದ ಬಾಗಿಲು ಮುಚ್ಚಿ ಹಿಂದಕ್ಕೆ ಸರಿದು ನಿಂತ. ಎದೆಯ ಮೇಲಿದ್ದ ಏಳು ವರ್ಷದ ಭಾರ ಇಳಿದಿತ್ತು. ಅಷ್ಟು ಸಂತೋಷವಾದಾಗ ಮನುಷ್ಯ ಏನು ಮಾಡುತ್ತಾನೆ? ಒಂದು ಎಲೆ ಹಾಕಿಕೊಳ್ಳುತ್ತಾನೆ.

ಟಕ್.

ಲಕ್ಷ್ಮಿದೇವಮ್ಮ ಒಳಗಿನಿಂದ ಹಿಡಿ ಎಳೆದು ನೋಡಿದಳು. ಮೇಷ್ಟ್ರ ಮಕ್ಕಳ ಪುಣ್ಯದಿಂದ ಅದು ಅಲ್ಲಾಡಲಿಲ್ಲ.

"ಏನ್ಲಾ ಇದು?"

"ಏನಿಲ್ಲ ಅಕ್ಕಯ್ಯ, ಒಂದ್ ನಿಮಿಷ." ಅವನು ಸಂಚಿಯಿಂದ ಕೀಲಿ ತೆಗೆದು ಗುಂಡಿ ಒತ್ತಿದ. ಬೀಗ ತೆರೆಯಿತು. ಬಾಗಿಲು ಎಳೆಯಲು ಕೈ ಖಾಲಿ ಇರಬೇಕಲ್ಲ, ಕೀಲಿಯನ್ನು ಸಂಚಿಗೆ ಹಾಕಿ ದಾರ ಬಿಗಿದ. ಟಕ್. ಬಾಗಿಲು ಎಳೆದರೆ ಬೀಗ ಬಿದ್ದಿದೆ. ಮತ್ತೆ ಸಂಚಿ ಬಿಚ್ಚಿದ, ಕೀಲಿ ತೆಗೆದ, ಒತ್ತಿದ, ತೆರೆಯಿತು. ಕೀಲಿ ಒಳಗೆ ಹಾಕಿದ, ದಾರ ಬಿಗಿದ. ಟಕ್. ಹೀಗೆ ಆರು ಸಲ ಆಯಿತು. ಆರನೆಯ ಸಲಕ್ಕೆ ಹುಳಿಯಾರಿನ ಅರ್ಧ ಬೀದಿ ಹೊಂಗೆಮರದ ಕೆಳಗೆ ಸೇರಿತ್ತು.

"ಬ್ಯಾಟ್ರಿ ಬಿಚ್ಚಿ," ಎಂದ ಒಬ್ಬ.

"ಬಾನೆಟ್ ಮೇಲೆ ನಿಂಬೆಹಣ್ಣು ಕುಯ್ದಿದ್ರೇನು?" ಎಂದ ಇನ್ನೊಬ್ಬ.

"ಕಲ್ಲು ತಗೊಂಡು ಗಾಜು ಒಡೀರಿ ಅತ್ಲಾಗೆ," ಎಂದ ಮೂರನೆಯವನು. ಅವನ ಕೈಯಲ್ಲಿ ಆಗಲೇ ಕಲ್ಲಿತ್ತು.

ಗಾಜಿನ ಸಂದಿಯಿಂದ ಅಕ್ಕನ ದನಿ ಬಂತು, ಮೆಲ್ಲಗೆ. "ಏಳು ವರ್ಷ ಆದ್ಮೇಲೆ ಬಂದು ಅಕ್ಕನ್ನ ಬೋನಿಗೆ ಹಾಕಿದ್ಯಾ? ಇಳ್ಸು. ನಾನು ಬರಲ್ಲ."

ನಂಜುಂಡಪ್ಪನ ಕಣ್ಣಿಗೆ ಹಸೆಯ ಮೇಲೆ ಕೂರದ ಮಗಳು, ಮುಖ ತಿರುಗಿಸಿದ ಹೆಂಡತಿ, ಇಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಅಕ್ಕ, ಎಲ್ಲರೂ ಒಟ್ಟಿಗೆ ಕಂಡರು. "ಅಕ್ಕಯ್ಯ, ಕರೆಂಟಿನ ಏನೋ ದೋಷ, ಎಲ್ಲ ಥರ ಹುಡುಕಿದ್ದೀನಿ, ನಂಗೆ ಗೊತ್ತಾಗ್ತಾ ಇಲ್ಲ," ಎಂದ. ಗೊತ್ತಾಗುತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಆಡಿದ ಮೇಲೆ ಕೈ ತಾನಾಗಿ ಸಂಚಿಗೆ ಹೋಯಿತು. ಟಕ್.

ಒಳಗೆ ಕೂತ ಲಕ್ಷ್ಮಿದೇವಮ್ಮನಿಗೆ ಬೇರೆ ಕೆಲಸವಿರಲಿಲ್ಲ. ಮುಖದ ಮಟ್ಟಕ್ಕೆ ಸರಿಯಾಗಿ ಗಾಜಿನಾಚೆ ತಮ್ಮನ ನಡು ಇತ್ತು. ಆಕೆ ಅದನ್ನೇ ನೋಡುತ್ತಿದ್ದಳು.

"ನಂಜುಂಡ, ದಾರ ಬಿಚ್ಚು."

ಬಿಚ್ಚಿದ.

"ಬಿಗಿ."

ಬಿಗಿದ. ಟಕ್.

"ಇನ್ನೊಂದ್ ಸಲ ಬಿಗಿ."

ಟಕ್. ಕಲ್ಲು ಹಿಡಿದವನು ಕಲ್ಲು ಕೆಳಗಿಟ್ಟ.

"ಅವ್ವನ ಸುಣ್ಣದ ಡಬ್ಬಿ ಗುಂಡಿ ಮೇಲೆ ಕೂತೈತೆ ಕಣ್ಲಾ ಬೆಪ್ಪೇ," ಎಂದಳು ಲಕ್ಷ್ಮಿದೇವಮ್ಮ. ಅಷ್ಟು ಹೇಳಿ ಮುಂದಿನ ಮಾತಿಗೆ ಬಂದಾಗ ದನಿ ಬೇರೆಯಾಗಿತ್ತು. "ಅದು ಅವ್ವನ ಸಂಚಿ. ತಾಯಿ ಸಂಚಿ ಮಗಳಿಗಲ್ವೇನ್ಲಾ ಸೇರೋದು? ತಿಥಿ ದಿನ ಮನೆಯೆಲ್ಲ ಹುಡುಕ್ದೆ ನಾನು. ನೋಡಿದ್ರೆ ನಿನ್ ನಡುವಲ್ಲಿ ಇತ್ತು. ಕೊಡ್ತಾನೆ, ಕೇಳ್ದೆ ಕೊಡ್ತಾನೆ ಅಂತ ಏಳು ವರ್ಷ ಕಾದೆ."

ನಂಜುಂಡಪ್ಪ ಗಾಜಿನ ಸಂದಿಗೆ ಬಗ್ಗಿದ. "ಕಾರ್ಡಿನ ಫೋಟೋ ಕಳ್ಸಿದ್ದಕ್ಕೆ ಸಿಟ್ಟು ಅಂತ..."

"ಯಾವ ಫೋಟೋ? ನಂಗೆ ಮೊಬೈಲಲ್ಲಿ ಅದೆಲ್ಲ ನೋಡಕ್ಕೆ ಬರಲ್ಲ."

ಆಕೆಯ ಬುಟ್ಟಿಯಲ್ಲಿ ವೀಳ್ಯದೆಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇದ್ದದ್ದು ಅವನಿಗೆ ಆಗ ಕಾಣಿಸಿತು. ನಂಜುಂಡಪ್ಪನಿಗೆ ತುಂಬ ನಾಚಿಕೆಯಾಯಿತು. ಸಂಚಿಯನ್ನು ನಡುವಿನಿಂದ ಬಿಡಿಸಿ, ಗಾಜಿನ ಸಂದಿಯಲ್ಲಿ ಉದ್ದಕ್ಕೆ ಇಳಿಬಿಟ್ಟ. ಅದು ಅಕ್ಕನ ಮಡಿಲಿಗೆ ಬಿತ್ತು. ಟಕ್. ಬಿದ್ದ ಮೇಲೆ, ಕೀಲಿಯೂ ಅದರೊಳಗೇ ಹೋಯಿತೆಂಬುದು ಹೊಳೆಯಿತು.

ಈಗ ಅಕ್ಕ ಒಳಗೆ, ಕೀಲಿ ಒಳಗೆ, ಬೀಗ ಬಿದ್ದಿದೆ. ಲಕ್ಷ್ಮಿದೇವಮ್ಮ ಅವಸರ ಮಾಡಲಿಲ್ಲ. ಐದು ಗೂಡುಗಳನ್ನೂ ಬಿಚ್ಚಿ ಒಂದೊಂದಾಗಿ ಮುಟ್ಟಿದಳು. ಡಬ್ಬಿಯನ್ನು ಸೆರಗಿನಿಂದ ಒರೆಸಿದಳು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಕತ್ತರಿಸಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹೊರಗೆ ಅರ್ಧ ಹುಳಿಯಾರು ಉಸಿರು ಹಿಡಿದು ನಿಂತಿತ್ತು. ಆಮೇಲೆ ಕೀಲಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹೆಬ್ಬೆರಳಿನಿಂದ ಒತ್ತಿದಳು. ನಾಲ್ಕೂ ಬಾಗಿಲು ತೆರೆದವು.

"ಹತ್ಲಾ ಮುಂದೆ," ಎಂದು ಸಂದಿಯಿಂದ ಕೀಲಿ ಚಾಚಿದಳು. "ನಾಲ್ಕು ಗಂಟೆಗೆ ಅರಿಶಿನ ಅಲ್ವಾ?"

ಮೂರೂಮುಕ್ಕಾಲಿಗೆ ಕಾರು ಬಿಳಿಗೆರೆ ಸೇರಿತು. ಗಾನವಿಯ ಕೆನ್ನೆಗೆ ಮೊದಲ ಅರಿಶಿನ ಹಚ್ಚಿದ್ದು ಲಕ್ಷ್ಮಿದೇವಮ್ಮ. ಹಚ್ಚುವಾಗ ಅತ್ತೆ ಸೊಸೆ ಇಬ್ಬರೂ ಅತ್ತರು, ರಾಮಲಕ್ಷ್ಮಮ್ಮ ಅವರಿಬ್ಬರನ್ನು ನೋಡಿ ಅತ್ತಳು. ಹುಚ್ಚರಂಗಯ್ಯ ಮಾತ್ರ ಚಪ್ಪರದ ಆಚೆ ತುದಿಯಲ್ಲಿ, ಕಾರಿನಿಂದ ಆದಷ್ಟು ದೂರ ಕೂತಿದ್ದ.

ಮದುವೆಯ ದಿನ ಊಟ ಮುಗಿಸಿದ ನವಾಜ್ ನಂಜುಂಡಪ್ಪನನ್ನು ಹುಡುಕಿಕೊಂಡು ಬಂದ. ಬಂದವನಿಗೆ ಮದುವೆಗಿಂತ ಆ ಬಾಗಿಲಿನದೇ ಚಿಂತೆ.

"ಯಜಮಾನ್ರೇ, ನಂಗೆ ಊಟ ಸೇರ್ತಿರ್ಲಿಲ್ಲ. ಸರಿ ಹೋಯ್ತಂತೆ. ಏನಾಗಿತ್ತು?"

ನಂಜುಂಡಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಸುತ್ತ ನಾಲ್ಕು ಜನ ಕೇಳುವವರೂ ಇದ್ದರು. "ರಿಮೋಟಿನ ಗುಂಡಿ ಮೇಲೆ ಒತ್ತಡ ಬೀಳ್ತಿತ್ತು ಕಣಪ್ಪ. ಬಲು ಸೂಕ್ಷ್ಮ. ನಿಮ್ಮ ಬಲ್ಬಿಗೆಲ್ಲ ಸಿಗಲ್ಲ ಅದು. ನಾನು ಒಂದೊಂದೇ ಭಾಗ ಪರೀಕ್ಷೆ ಮಾಡ್ತಾ ಬಂದೆ, ಕೊನೆಗೆ ಹಿಡಿದೆ." ಹೀಗೆ ಹೇಳುತ್ತ, ಊಟವಾಗಿತ್ತಲ್ಲ, ಅಭ್ಯಾಸಬಲದಿಂದ ನಡುವಿಗೆ ಕೈ ಹಾಕಿದ. ನಡು ಖಾಲಿ ಇತ್ತು.

ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದ ಲಕ್ಷ್ಮಿದೇವಮ್ಮನ ಮಡಿಲಲ್ಲಿ ಸಂಚಿ ಬಿಚ್ಚಿಕೊಂಡಿತ್ತು. ನಂಜುಂಡಪ್ಪ ಎರಡು ಹೆಜ್ಜೆ ಹೋಗಿ ಕೈ ಚಾಚಿದ.

"ಅಕ್ಕಯ್ಯ, ಒಂದ್ ಎಲೆ ಕೊಡು."

"ಕೊಡ್ತೀನಿ. ಮೊದ್ಲು ಆ ಹುಡುಗನಿಗೆ ಹೇಳು, ಹಿಡಿದಿದ್ದು ಯಾರು ಅಂತ."

ನಂಜುಂಡಪ್ಪ ಎಲೆ ನೋಡಿದ, ಸುಣ್ಣದ ಡಬ್ಬಿ ನೋಡಿದ, ನವಾಜನನ್ನು ನೋಡಿದ. ಊಟವಾಗಿ ಆಗಲೇ ಹತ್ತು ನಿಮಿಷ ಕಳೆದಿತ್ತು.

"ನಮ್ಮಕ್ಕಯ್ಯ," ಎಂದ.

"ಎಲ್ಲಿತ್ತು ದೋಷ?"

"ನನ್ನ ನಡುವಲ್ಲಿ."

ಲಕ್ಷ್ಮಿದೇವಮ್ಮ ಎರಡು ಎಲೆ ಆರಿಸಿ ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ತಮ್ಮನ ಕೈಗಿಟ್ಟಳು. ಆಮೇಲೆ ಇನ್ನೆರಡು ಎಲೆ ತೆಗೆದು ನವಾಜನ ಕಡೆ ನೋಡಿದಳು.

"ನೀನೂ ಹಾಕ್ಕೋ ಬಾರಪ್ಪ. ಇವತ್ತು ನಿನ್ನ ಶೆಡ್ಡಲ್ಲ ಇದು."

ನವಾಜ್ ನಕ್ಕು ಕೈ ಚಾಚಿದ.